ಅಣು ಕಟ್ಟಿದ ಮೇಲೆ ಉಳಿಯುವ ಕೆಲಸ



 ಸಾವಯವ ಸಂಯುಕ್ತಗಳ ಕುರಿತ ಈ ಸಮಾವೇಶಕ್ಕೆ ದೆಹಲಿ ತಕ್ಕ ಊರು. 1949ರಲ್ಲಿ ರಸಾಯನ ವಿಜ್ಞಾನಿ ಟಿ. ಆರ್. ಶೇಷಾದ್ರಿ ಅವರು ದೆಹಲಿ ವಿಶ್ವವಿದ್ಯಾಲಯಕ್ಕೆ ಬಂದು, ಹೂವು, ತೊಗಟೆ, ಕಲ್ಲುಹೂಗಳ ವರ್ಣದ್ರವ್ಯಗಳನ್ನು ಬೇರ್ಪಡಿಸಿ, ಅವುಗಳ ರಚನೆ ತಿಳಿದು, ಪ್ರಯೋಗಾಲಯದಲ್ಲಿ ಮತ್ತೆ ಕಟ್ಟುವ ಪರಂಪರೆಯನ್ನೇ ಇಲ್ಲಿ ಬೆಳೆಸಿದರು. ಆ ಪರಂಪರೆಯಿಂದಾಗಿ ಹೊಸ ಅಣು ಕಟ್ಟುವ ವಿದ್ಯೆ ಇಂದು ನಮ್ಮ ಕೈವಶವಾಗಿದೆ. ಕಟ್ಟಿದ ಅಣುವಿನ ಜೊತೆ ರೋಗಿಯವರೆಗೂ ನಡೆಯುವ ವಿದ್ಯೆ ಮಾತ್ರ ಇನ್ನೂ ಸಾಲದು. ನಾನು ಇಂದು ಹೇಳಬೇಕಾದ ಮಾತು ಇದೊಂದೇ.

ಇದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಾಗಿಲ್ಲ, ಪಕ್ಕದ ಗುರುಗ್ರಾಮದಲ್ಲೇ ರೂಪುಗೊಂಡ ಮಲೇರಿಯಾ ಔಷಧಿಯೊಂದಿದೆ. ಮಲೇರಿಯಾ ಕನ್ನಡಿಗರಿಗೆ ಹೊಸ ರೋಗವೇನಲ್ಲ. ಮಲೆನಾಡಿನ ಹಿರಿಯರು ಚಳಿಜ್ವರವೆಂದು ಹೆದರುತ್ತಿದ್ದುದು ಇದಕ್ಕೇ. ಮಂಗಳೂರಿನಲ್ಲಿ ಕಟ್ಟಡಗಳು ಎದ್ದಂತೆಲ್ಲ ಈ ಜ್ವರವೂ ಏರಿದ್ದನ್ನು ನಾವು ಕಂಡಿದ್ದೇವೆ. ಹಳೆಯ ಔಷಧಿಯಾದ ಕ್ಲೋರೋಕ್ವಿನ್‌ಗೆ ರೋಗಾಣು ಬಗ್ಗದಂತಾದಾಗ ಕೈಹಿಡಿದದ್ದು ಆರ್ಟಿಮಿಸಿನಿನ್. ಚೀನಾದ ಟು ಯೂಯೂ ಅವರ ತಂಡ 1970ರ ದಶಕದಲ್ಲಿ ಒಂದು ಗಿಡದಿಂದ ತೆಗೆದ ಈ ವಸ್ತುವಿಗಾಗಿ ಟು ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಗಿಡವನ್ನೇ ನಂಬಿದ ಔಷಧಿಗೆ ಬೆಳೆಯ ಏರುಪೇರು, ಬೆಲೆಯ ಏರುಪೇರು ಎರಡೂ ತಪ್ಪಿದ್ದಲ್ಲ.

ಅಮೆರಿಕದ ನೆಬ್ರಾಸ್ಕಾದ ವಿಜ್ಞಾನಿ ಜೊನಾಥನ್ ವೆನ್ನರ್‌ಸ್ಟ್ರಾಮ್ ಮತ್ತು ಸಂಗಡಿಗರು ಬೇರೆ ದಾರಿ ಯೋಚಿಸಿದರು. ಆರ್ಟಿಮಿಸಿನಿನ್‌ನ ಶಕ್ತಿಯೆಲ್ಲ ಇರುವುದು ಎರಡು ಆಮ್ಲಜನಕಗಳ ನಡುವಿನ ಪೆರಾಕ್ಸೈಡ್ ಬಂಧದಲ್ಲಿ. ರೋಗಾಣು ರಕ್ತದ ಹಿಮೋಗ್ಲೋಬಿನ್ ತಿಂದಾಗ ಬಿಡುಗಡೆಯಾಗುವ ಕಬ್ಬಿಣ ಆ ಬಂಧವನ್ನು ಮುರಿಯುತ್ತದೆ, ಮುರಿದ ತುಣುಕುಗಳು ರೋಗಾಣುವನ್ನೇ ಕೊಲ್ಲುತ್ತವೆ. ಹಾಗಾದರೆ ಗಿಡದ ಹಂಗಿಲ್ಲದೆ ಆ ಬಂಧವಿರುವ ಸರಳ ಅಣುವನ್ನು ಕಟ್ಟಬಾರದೇಕೆ? ಎರಡು ಆರಂಭಿಕ ವಸ್ತುಗಳನ್ನು ಕರಗಿಸಿ, ದ್ರಾವಣವನ್ನು ಚೆನ್ನಾಗಿ ತಣಿಸಿ, ಅದರೊಳಗೆ ಓಝೋನ್ ಹಾಯಿಸಿದರೆ ಮೂರು ಆಮ್ಲಜನಕಗಳ ಉಂಗುರವೊಂದು ಸಿಗುತ್ತದೆ. ಸಾಮಾನ್ಯವಾಗಿ ಇಂಥ ಉಂಗುರ ಬಾಳಿಕೆ ಬರುವುದಿಲ್ಲ. ಅದರ ಒಂದು ಬದಿಗೆ ಹತ್ತು ಇಂಗಾಲಗಳ ಅಡಮಾಂಟೇನ್ ಎಂಬ ದಪ್ಪ ಪಂಜರವನ್ನು ಜೋಡಿಸಿದಾಗ ಅದು ನಿಂತಿತು. ಆರ್ಟೆರೊಲೇನ್ ಹುಟ್ಟಿದ್ದು ಹೀಗೆ. 2004ರಲ್ಲಿ ‘ನೇಚರ್’ ಪತ್ರಿಕೆ ಅದನ್ನು ಜಗತ್ತಿಗೆ ತಿಳಿಸಿತು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಒಂದು ಒಳ್ಳೆಯ ಪ್ರಬಂಧವಾಗಿ ಉಳಿಯುತ್ತಿತ್ತು, ಅಷ್ಟೆ. ಜಿನೀವಾದ ಮೆಡಿಸಿನ್ಸ್ ಫಾರ್ ಮಲೇರಿಯಾ ವೆಂಚರ್ ಸಂಸ್ಥೆಯೊಂದಿಗೆ ಕೈಜೋಡಿಸಿ ಈ ಅಣುವನ್ನು ಔಷಧಿಯಾಗಿಸುವ ಕೆಲಸಕ್ಕೆ ಇಳಿದದ್ದು ಗುರುಗ್ರಾಮದ ಔಷಧ ಕಂಪನಿ ರ‍್ಯಾನ್‌ಬಾಕ್ಸಿ. ಆಗ ತೊಡಕು ಕಾಣಿಸಿತು. ಆರೋಗ್ಯವಂತರ ರಕ್ತದಲ್ಲಿ ಇರುತ್ತಿದ್ದಷ್ಟು ಔಷಧಿ ಮಲೇರಿಯಾ ರೋಗಿಗಳ ರಕ್ತದಲ್ಲಿ ಉಳಿಯುತ್ತಿರಲಿಲ್ಲ. ರೋಗಾಣುವನ್ನು ಕೊಲ್ಲಬೇಕಾದ ಬಂಧ ಸೋಂಕಿದ ರಕ್ತದಲ್ಲಿ ಬೇಗನೆ ಮುರಿದುಹೋಗುತ್ತಿತ್ತು. 2007ರಲ್ಲಿ ಜಿನೀವಾದ ಸಂಸ್ಥೆ ಹಿಂದೆ ಸರಿಯಿತು. ಗುರುಗ್ರಾಮದವರು ಕೈಬಿಡಲಿಲ್ಲ. ಭಾರತ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ನೆರವು ಪಡೆದು, ದೇಹದಲ್ಲಿ ಬಹುಕಾಲ ನಿಲ್ಲುವ ಪಿಪೆರಾಕ್ವಿನ್ ಎಂಬ ಇನ್ನೊಂದು ಔಷಧಿಯನ್ನು ಅದರ ಜೊತೆ ಸೇರಿಸಿದರು. 2012ರ ಏಪ್ರಿಲ್ 25ರ ವಿಶ್ವ ಮಲೇರಿಯಾ ದಿನದಂದು ಈ ಜೋಡಿ ‘ಸಿನ್ರಿಯಮ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ದಿನಕ್ಕೊಂದು ಮಾತ್ರೆ, ಮೂರೇ ದಿನ.

ಇದೇ ಕಥೆಗೆ ಇನ್ನೊಂದು ಮುಖವಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮರುವರ್ಷವೇ, 2013ರಲ್ಲಿ, ಇದೇ ಕಂಪನಿಯ ಅಮೆರಿಕದ ಅಂಗಸಂಸ್ಥೆ ಕಳಪೆ ಔಷಧಿ ಹಂಚಿದ, ಸುಳ್ಳು ಹೇಳಿಕೆ ಕೊಟ್ಟ ಅಪರಾಧವನ್ನು ಅಲ್ಲಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. ತೆರಬೇಕಾದ ಮೊತ್ತ 50 ಕೋಟಿ ಡಾಲರ್. ಅಣು ಎಷ್ಟೇ ಜಾಣತನದ್ದಿರಲಿ, ದಾಖಲೆ ಪ್ರಾಮಾಣಿಕವಾಗಿಲ್ಲದಿದ್ದರೆ ಔಷಧಿಯ ಮೇಲೆ ಯಾರಿಗೂ ಭರವಸೆ ಉಳಿಯುವುದಿಲ್ಲ.

ಈಗ ನಮ್ಮ ಪ್ರಯೋಗಾಲಯಗಳತ್ತ ನೋಡೋಣ. ವಿದ್ಯಾರ್ಥಿ ಚಾಲ್ಕೋನ್‌ನಿಂದ ಪೈರಜೋಲಿನ್ ಮಾಡುತ್ತಾನೆ, ಟ್ರೈಯಜೋಲ್ ಜೋಡಿಸುತ್ತಾನೆ, ಕಾಲಮ್ ಓಡಿಸಿ ಶುದ್ಧಗೊಳಿಸುತ್ತಾನೆ, ಎನ್‌ಎಂಆರ್ ತೆಗೆಯುತ್ತಾನೆ. ಪೆಟ್ರಿ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಮಿಲಿಮೀಟರಿನಲ್ಲಿ ಅಳೆಯುತ್ತಾನೆ. ‘ಉತ್ತಮ ಜೈವಿಕ ಚಟುವಟಿಕೆ’ ಎಂದು ಬರೆದರೆ ಪ್ರಬಂಧ ಮುಗಿಯಿತು, ಬಾಟಲಿ ಫ್ರಿಜ್‌ನಲ್ಲಿ ಉಳಿಯಿತು. ಆ ವಸ್ತು ನೀರಿನಲ್ಲಿ ಕರಗುತ್ತದೆಯೆ? ಮನುಷ್ಯನ ಜೀವಕೋಶಗಳನ್ನೂ ಕೊಲ್ಲುತ್ತದೆಯೆ? ರಕ್ತದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಈ ಪ್ರಶ್ನೆಗಳನ್ನು ಕೇಳುವವರೇ ಇರುವುದಿಲ್ಲ. ತಪ್ಪು ವಿದ್ಯಾರ್ಥಿಯದಲ್ಲ. ಹೊಸ ಸಂಯುಕ್ತಗಳ ಸಂಖ್ಯೆ ನೋಡಿ ಪದವಿ ಕೊಡುವ ಪದ್ಧತಿ ನಮ್ಮದು, ಅದನ್ನು ಬದಲಿಸಬೇಕಾದವರೂ ನಾವೇ.

ತಾಳ್ಮೆಯೂ ಬೇಕು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನಿತ್ಯಾ ಆನಂದ್ ಅವರ ತಂಡ 1960ರ ದಶಕದಲ್ಲಿ ಕಟ್ಟಿದ ಸೆಂಟ್‌ಕ್ರೋಮನ್, ‘ಸಹೇಲಿ’ ಎಂಬ ಗರ್ಭನಿರೋಧಕ ಮಾತ್ರೆಯಾಗಿ ಹೆಣ್ಣುಮಕ್ಕಳ ಕೈಸೇರಿದ್ದು 1990ರ ದಶಕದಲ್ಲಿ. 2016ರಲ್ಲಿ ಅದು ‘ಛಾಯಾ’ ಎಂಬ ಹೆಸರಿನಲ್ಲಿ ಸರ್ಕಾರದ ಕುಟುಂಬ ಯೋಜನೆಗೂ ಸೇರಿತು.

ಈ ಸಮಾವೇಶದ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಮೊದಲನೆಯದು, ಜೈವಿಕ ಗುಣವಿದೆಯೆಂದು ಹೇಳುವ ಪ್ರತಿ ಸಂಯುಕ್ತದ ಜೊತೆ ಅದರ ಕರಗುವಿಕೆ ಮತ್ತು ಮಾನವ ಜೀವಕೋಶಗಳ ಮೇಲಿನ ವಿಷತ್ವವನ್ನು ಕಡ್ಡಾಯವಾಗಿ ದಾಖಲಿಸೋಣ. ಎರಡನೆಯದು, ಫಲ ಕೊಡದ ಸಂಯುಕ್ತಗಳ ಫಲಿತಾಂಶವನ್ನೂ ಪ್ರಕಟಿಸೋಣ, ಮಾದರಿಗಳನ್ನು ಎಲ್ಲರಿಗೂ ಸಿಗುವ ಒಂದು ಸಂಗ್ರಹಕ್ಕೆ ಕೊಡೋಣ. ಇಂದು ಒಂದು ರೋಗಕ್ಕೆ ನಾಟದ ಅಣು ನಾಳೆ ಇನ್ನೊಂದಕ್ಕೆ ಒದಗಬಹುದು. ಮೂರನೆಯದು, ಔಷಧಿಯ ಗುರಿಯಿರುವ ಪ್ರತಿ ಪ್ರಬಂಧಕ್ಕೂ ಜೀವವಿಜ್ಞಾನಿ ಅಥವಾ ವೈದ್ಯರೊಬ್ಬರು ಮೊದಲ ದಿನದಿಂದಲೇ ಸಹಮಾರ್ಗದರ್ಶಕರಾಗಲಿ. ದ್ವಾರಕಾದಲ್ಲಿ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆ, ಅನ್ಸಾರಿ ನಗರದಲ್ಲಿ ಏಮ್ಸ್, ಪಕ್ಕದ ಫರೀದಾಬಾದಿನಲ್ಲಿ ಜೈವಿಕ ತಂತ್ರಜ್ಞಾನದ ಸಂಸ್ಥೆಗಳು ಇರುವ ಈ ಊರಿನಲ್ಲಿ ಅದು ಕಷ್ಟವೇನಲ್ಲ. ಇಷ್ಟು ಅನುಕೂಲವಿಲ್ಲದ ಕಲಬುರಗಿ, ಧಾರವಾಡ, ಮಂಗಳೂರಿನ ವಿದ್ಯಾರ್ಥಿಗಳು ಕಳಿಸುವ ಮಾದರಿಗಳನ್ನೂ ಪರೀಕ್ಷಿಸಿಕೊಡುವ ಹೊಣೆಯನ್ನು ದೆಹಲಿಯಲ್ಲಿರುವ ನಾವು ಹೊರಬೇಕು.

ಈ ಮೂರನ್ನೂ ಚರ್ಚಿಸಿ, ತಿದ್ದುವುದಿದ್ದರೆ ತಿದ್ದಿ, ಸಮಾರೋಪದ ಹೊತ್ತಿಗೆ ನಿರ್ಣಯವಾಗಿ ಅಂಗೀಕರಿಸಬೇಕೆಂದು ನಿಮ್ಮೆಲ್ಲರನ್ನೂ ಕೋರುತ್ತೇನೆ.