ಸೂರ್ಯಫಲಕದ ಒಳಗಿನ ಐದು ಅಂಕಿಗಳು



ಮನುಷ್ಯನು ವಸ್ತುಗಳನ್ನು ಎರಡು ಬಗೆಯಿಂದ ಅರಿಯುವನು. ಕೆಲವನ್ನು ಬಿಚ್ಚಿ ನೋಡಿ ಅರಿಯುವನು. ಕೆಲವನ್ನು ಬಿಚ್ಚದೆಯೇ ಅವುಗಳ ನಡೆಯಿಂದ ಅರಿಯುವನು. ವೈದ್ಯನು ರೋಗಿಯ ಎದೆಯನ್ನು ಸೀಳುವದಿಲ್ಲ; ಮಣಿಕಟ್ಟಿನ ಮೇಲೆ ಬೆರಳಿಟ್ಟು ನಾಡಿಯ ಗತಿಯಿಂದ ಒಳಗಿನ ಸ್ಥಿತಿಯನ್ನು ತಿಳಿಯುವನು. ಸಂತೆಯಲ್ಲಿ ಎತ್ತನ್ನು ಕೊಳ್ಳುವ ಒಕ್ಕಲಿಗನು ಅದರ ಹಲ್ಲನ್ನೆಣಿಸಿ, ನಾಲ್ಕು ಹೆಜ್ಜೆ ನಡೆಯಿಸಿ, ವಯಸ್ಸನ್ನೂ ಕಸುವನ್ನೂ ನಿರ್ಣಯಿಸುವನು. ಈ ಎರಡನೆಯ ಬಗೆಯ ಅರಿವೇ ಈ ಹೊತ್ತಿನ ವಿಷಯ. ಸೂರ್ಯಫಲಕದೊಳಗೆ ಐದು ಅಂಕಿಗಳು ಅಡಗಿರುವವು. ಅವುಗಳನ್ನು ಯಾವ ಉಪಕರಣವನ್ನೂ ತಗುಲಿಸಿ ನೇರವಾಗಿ ಅಳೆಯಲು ಬರುವದಿಲ್ಲ. ಹೊರಗೆ ದೊರೆಯುವ ಅಳತೆಗಳಿಂದಲೇ ಅವುಗಳನ್ನು ಕಂಡುಹಿಡಿಯಬೇಕಾಗುವದು.

ಈ ಮಾತು ಬೋರಗಾಂವಿಗೆ ದೂರದ್ದಲ್ಲ. ದೂಧಗಂಗೆಯ ಬಯಲಿನ ಈ ಸೀಮೆಯಲ್ಲಿ ಕಬ್ಬಿಗೂ ತಂಬಾಕಿಗೂ ನೀರು ಬೇಕು. ನೀರನ್ನು ಮೇಲೆತ್ತಲು ವಿದ್ಯುತ್ತು ಬೇಕು. ೨೦೧೦ರ ಸುಮಾರಿಗೆ ಕರ್ನಾಟಕ ವಿದ್ಯುತ್ ನಿಗಮವು ಇದೇ ಚಿಕ್ಕೋಡಿ ಸೀಮೆಯ ಇಟ್ನಾಳದಲ್ಲಿ ೩ ಮೆಗಾವಾಟ್ ಶಕ್ತಿಯ ಸೂರ್ಯವಿದ್ಯುತ್ ಕೇಂದ್ರವನ್ನು ಸ್ಥಾಪಿಸಿತು. ೨೦೧೯ರ ಕೊನೆಗೆ ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨೦೫೦ ಮೆಗಾವಾಟ್ ಶಕ್ತಿಯ ಸೂರ್ಯೋದ್ಯಾನವು ಪೂರ್ಣವಾಯಿತು. ಅದೇ ವರ್ಷ ಕೇಂದ್ರ ಸರಕಾರವು ಕುಸುಮ್ ಎಂಬ ಯೋಜನೆಯನ್ನು ಸಾರಿ, ಒಕ್ಕಲಿಗರ ಹೊಲಗಳಲ್ಲಿ ಬಿಸಿಲಿನಿಂದ ನಡೆಯುವ ಪಂಪುಗಳನ್ನು ನಿಲ್ಲಿಸಲು ಸಹಾಯಧನವನ್ನು ಗೊತ್ತುಮಾಡಿತು. ಹೀಗೆ ಸೂರ್ಯಫಲಕವು ಪ್ರಯೋಗಶಾಲೆಯಿಂದ ಬಾವಿಯ ದಂಡೆಗೆ ಬಂದಿರುವದು.

ಬಂದ ಬಳಿಕ ಒಂದು ವ್ಯಾಜ್ಯವೂ ಅದರ ಸಂಗಡ ಬರುವದು. ಇಪ್ಪತ್ತೈದು ವರ್ಷ ಬಾಳುವದೆಂಬ ಭರವಸೆಯ ಮೇಲೆ ಒಕ್ಕಲಿಗನು ಫಲಕವನ್ನು ಕೊಳ್ಳುವನು. ಐದಾರು ವರ್ಷಗಳಲ್ಲಿ ಪಂಪಿನ ನೀರು ಕಡಿಮೆಯಾಯಿತೆಂದು ಭಾವಿಸಿರಿ. ಮಾರಿದವನು ಧೂಳಿನ ದೋಷವೆನ್ನುವನು. ಕೊಂಡವನು ಫಲಕವೇ ಕೆಟ್ಟಿತೆನ್ನುವನು. ನೋಡಲು ಬಂದ ನೆರೆಯವನು ಬೇಸಗೆಯ ಕಾವಿನ ಫಲವೆನ್ನುವನು. ಮೂವರ ಮಾತೂ ನಿಜವಾಗಿರಬಹುದು, ಮೂವರದೂ ಸುಳ್ಳಾಗಿರಬಹುದು. ಕಣ್ಣಿಗೆ ಫಲಕವು ಮೊದಲಿನಂತೆಯೇ ನೀಲಿಯಾಗಿ ಹೊಳೆಯುತ್ತಿರುವದು. ಇಂಥಲ್ಲಿ ನ್ಯಾಯವನ್ನು ಹೇಳಬಲ್ಲವು ಆ ಐದು ಅಂಕಿಗಳೇ.

ಬೆಳಕಿನಿಂದ ವಿದ್ಯುತ್ತು ಹುಟ್ಟುವದನ್ನು ಫ್ರಾನ್ಸ್ ದೇಶದ ಎಡ್ಮಂಡ್ ಬೆಕೆರೆಲ್ ಎಂಬ ತರುಣನು ೧೮೩೯ರಲ್ಲಿ ಕಂಡನು. ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶವನ್ನು ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ೧೯೫೪ರಲ್ಲಿ ನಿರ್ಮಿಸಿದರು. ತನ್ನ ಮೇಲೆ ಬಿದ್ದ ಬಿಸಿಲಿನ ಶೇಕಡಾ ೬ ಅಂಶವನ್ನು ಅದು ವಿದ್ಯುತ್ತಾಗಿ ಮಾರ್ಪಡಿಸುತ್ತಿತ್ತು. ಈ ಕೋಶದ ನಡೆಯನ್ನು ಲೆಕ್ಕಕ್ಕೆ ತರುವದಕ್ಕಾಗಿ ವಿಜ್ಞಾನಿಗಳು ಅದನ್ನು ಒಂದು ಚಿಕ್ಕ ವಿದ್ಯುನ್ಮಂಡಲವೆಂದು ಕಲ್ಪಿಸಿದರು. ಆ ಕಲ್ಪನೆಯನ್ನು ತಿಳಿಯಲು ಊರ ಕೆರೆಯೇ ಸಾಕು.

ಕೆರೆಗೆ ಹಳ್ಳದಿಂದ ನೀರು ಒಂದೇ ಸಮನೆ ಬರುತ್ತಿದೆ. ಇದು ಬಿಸಿಲಿನಿಂದ ಹುಟ್ಟುವ ಪ್ರವಾಹ. ನೀರಿನ ಮಟ್ಟವು ವೋಲ್ಟೇಜು. ಮಟ್ಟವೇರಿದಂತೆ ನೀರು ಕೋಡಿಯ ಮೇಲೆ ಹರಿದು ವ್ಯರ್ಥವಾಗುವದು; ಈ ಕೋಡಿಗೆ ಡಯೋಡ್ ಎಂದು ಹೆಸರು. ಕೋಡಿಯು ಯಾವ ಎತ್ತರದಲ್ಲಿರುವದು, ನೀರು ಅದನ್ನು ಮುಟ್ಟಿದೊಡನೆ ಎಷ್ಟು ಬಿರುಸಾಗಿ ಹರಿಯುವದು, ಎಂಬಿವು ಎರಡು ಬೇರೆ ಬೇರೆ ಗುಣಗಳು. ಮೊದಲನೆಯದನ್ನು ಸಂತೃಪ್ತ ಪ್ರವಾಹವೂ ಎರಡನೆಯದನ್ನು ಆದರ್ಶಾಂಕವೂ ಗೊತ್ತುಮಾಡುವವು. ಕೆರೆಯ ಏರಿಯಲ್ಲಿ ಸಣ್ಣ ಬಿರುಕುಗಳಿದ್ದು ಅಲ್ಲಿಂದಲೂ ನೀರು ಸೋರುವದು. ಈ ಸೋರಿಕೆಯನ್ನು ತಡೆಯುವ ಕಸುವೇ ಸಮಾಂತರರೋಧ. ಕೊನೆಗೆ ಹೊಲಕ್ಕೆ ನೀರೊಯ್ಯುವ ಕಾಲುವೆಯ ಇಕ್ಕಟ್ಟೇ ಶ್ರೇಣಿರೋಧ. ಹಳ್ಳದ ಹರಿವು, ಕೋಡಿಯ ಎತ್ತರ, ಕೋಡಿಯ ಬಿರುಸು, ಏರಿಯ ಸೋರಿಕೆ, ಕಾಲುವೆಯ ಇಕ್ಕಟ್ಟು, ಇವೇ ಆ ಐದು.

ಈಗ ಕಷ್ಟವನ್ನು ನೋಡಿರಿ. ಲೆಕ್ಕಿಗನು ಕೆರೆಯ ಬಳಿಗೆ ಹೋಗುವಂತಿಲ್ಲ. ಕಾಲುವೆಯ ತುದಿಯಲ್ಲಿ ನಿಂತು, ಅಲ್ಲಿಯ ಮಟ್ಟವನ್ನೂ ಹರಿವನ್ನೂ ಮಾತ್ರ ಅಳೆಯಬಲ್ಲನು. ತುದಿಯನ್ನು ಪೂರ್ಣ ಮುಚ್ಚಿದರೆ ಮಟ್ಟವು ಅತ್ಯಂತ ಮೇಲಕ್ಕೇರುವದು. ಪೂರ್ಣ ತೆರೆದರೆ ಹರಿವು ಅತ್ಯಂತ ಹೆಚ್ಚುವದು. ಎರಡರಲ್ಲಿಯೂ ಕೆಲಸವೇನೂ ನಡೆಯುವದಿಲ್ಲ. ಏಕೆಂದರೆ ಶಕ್ತಿಯು ಮಟ್ಟ ಮತ್ತು ಹರಿವುಗಳ ಗುಣಲಬ್ಧ. ಇವೆರಡರ ನಡುವೆ ಎಲ್ಲಿಯೋ ಒಂದೆಡೆ ಶಕ್ತಿಯು ಪರಮಾವಧಿಯನ್ನು ಮುಟ್ಟುವದು. ಫಲಕದ ಸಂಗಡ ಬರುವ ಕಾಗದದಲ್ಲಿ ಸಾಮಾನ್ಯವಾಗಿ ಈ ಮೂರು ಸ್ಥಿತಿಗಳ ಅಂಕಿಗಳೂ ಕಾವಿನಿಂದ ಅವು ಬದಲಾಗುವ ಪ್ರಮಾಣವೂ ಇರುವವು. ಒಳಗಿನ ಐದರ ಹೆಸರೂ ಅಲ್ಲಿರುವದಿಲ್ಲ. ಮೇಲಾಗಿ ಇವುಗಳನ್ನು ಜೋಡಿಸುವ ಸಮೀಕರಣದಲ್ಲಿ ಪ್ರವಾಹವು ಎರಡು ಬದಿಗೂ ಬರುವದು. ಒಂದು ಬದಿಯಲ್ಲಂತೂ ಘಾತಾಂಕದೊಳಗೆ ಸಿಕ್ಕಿಕೊಂಡಿರುವದು. ಶಾಲೆಯ ಬೀಜಗಣಿತದಿಂದ ಅದನ್ನು ಬಿಡಿಸಲಾಗದು. ಒಂದು ಬೆಲೆಯನ್ನು ಊಹಿಸಬೇಕು, ಪರೀಕ್ಷಿಸಬೇಕು, ತಿದ್ದಬೇಕು, ಮತ್ತೆ ಪರೀಕ್ಷಿಸಬೇಕು.

ಇದಕ್ಕೊಂದು ಪ್ರಸಿದ್ಧ ಉದಾಹರಣೆಯುಂಟು. ಜಪಾನಿನ ಕ್ಯೋಸೆರಾ ಕಂಪನಿಯ ೨೦೦ ವಾಟಿನ ಒಂದು ಫಲಕದ ಕಾಗದದಲ್ಲಿ, ತುದಿ ತೆರೆದಾಗಿನ ಪ್ರವಾಹವು ೮.೨೧ ಆಂಪಿಯರ್, ಮುಚ್ಚಿದಾಗಿನ ಮಟ್ಟವು ೩೨.೯ ವೋಲ್ಟ್, ಪರಮಶಕ್ತಿಯ ಎಡೆಯಲ್ಲಿ ೭.೬೧ ಆಂಪಿಯರ್ ಮತ್ತು ೨೬.೩ ವೋಲ್ಟ್ ಎಂದು ಬರೆದಿರುವದು. ಬ್ರೆಝಿಲ್ ದೇಶದ ವಿಲಾಲ್ವಾ ಮತ್ತು ಅವರ ಸಂಗಡಿಗರು ೨೦೦೯ರಲ್ಲಿ ಈ ಅಂಕಿಗಳನ್ನು ತೆಗೆದುಕೊಂಡು, ಆದರ್ಶಾಂಕವನ್ನು ೧.೩ ಎಂದಿಟ್ಟು, ಶ್ರೇಣಿರೋಧವನ್ನು ಸೊನ್ನೆಯಿಂದ ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ ಹೋದರು. ಲೆಕ್ಕದ ಪರಮಶಕ್ತಿಯು ಕಾಗದದ ಪರಮಶಕ್ತಿಗೆ ಸರಿಹೊಂದಿದೊಡನೆ ನಿಂತರು. ಶ್ರೇಣಿರೋಧವು ೦.೨೨೧ ಓಮ್, ಸಮಾಂತರರೋಧವು ಸುಮಾರು ೪೧೫ ಓಮ್ ಎಂದು ತಿಳಿಯಿತು. ೦.೨೨೧ ಓಮ್ ಎಂದರೆ ಅಲ್ಪವೆಂದು ತೋರಬಹುದು. ಆದರೆ ೭.೬೧ ಆಂಪಿಯರ್ ಹರಿಯುವಾಗ ಆ ಅಲ್ಪ ರೋಧವೇ ಸುಮಾರು ೧೨.೮ ವಾಟನ್ನು ಕಾವಾಗಿ ನುಂಗುವದು. ಕೀಲುಗಳು ತುಕ್ಕು ಹಿಡಿದು ಆ ರೋಧವು ಇಮ್ಮಡಿಯಾದರೆ ಮತ್ತೆ ಹೆಚ್ಚುಕಡಿಮೆ ಅಷ್ಟೇ ನಷ್ಟ.

ಮೂರು ಬಿಂದುಗಳಿಗೆ ಬದಲಾಗಿ ಇಡಿಯ ವಕ್ರರೇಖೆಯನ್ನೇ ಅಳೆಯುವದು ಇನ್ನೊಂದು ಮಾರ್ಗ. ಫ್ರಾನ್ಸಿನ ೫೭ ಮಿಲಿಮೀಟರ್ ವ್ಯಾಸದ ಒಂದು ಸಿಲಿಕಾನ್ ಕೋಶವನ್ನು ೩೩ ಅಂಶ ಸೆಲ್ಸಿಯಸ್ ಕಾವಿನಲ್ಲಿ ೨೬ ಬಿಂದುಗಳಲ್ಲಿ ಅಳೆದ ಅಂಕಿಗಳನ್ನು ಈಶ್ವರಕಾಂತನ್ ಮತ್ತು ಸಂಗಡಿಗರು ೧೯೮೬ರಲ್ಲಿ ಪ್ರಕಟಿಸಿದರು. ಅಳತೆಗೂ ಲೆಕ್ಕಕ್ಕೂ ಇರುವ ಅಂತರವು ಅತ್ಯಲ್ಪವಾಗುವಂತೆ ಐದು ಬೆಲೆಗಳನ್ನು ಆರಿಸಿದರು. ಆದರ್ಶಾಂಕವು ಸುಮಾರು ೧.೪೮, ಶ್ರೇಣಿರೋಧವು ೦.೦೩೬ ಓಮ್, ಸಮಾಂತರರೋಧವು ೫೪ ಓಮ್ ಎಂದು ಹೊರಬಿತ್ತು. ಅಂದಿನಿಂದ ಆ ೨೬ ಬಿಂದುಗಳು ಪಂಡಿತರ ಒರೆಗಲ್ಲಾಗಿವೆ. ಹಕ್ಕಿಗಳ ಹಿಂಡಿನ ನಡೆಯನ್ನು ಅನುಸರಿಸಿ ಲೆಕ್ಕ ಮಾಡಿದವರುಂಟು. ಸೂರತ್ತಿನ ವೆಂಕಟ ರಾವ್ ಮತ್ತು ಸಂಗಡಿಗರು ೨೦೧೧ರಲ್ಲಿ ಹೊರತಂದ ಬೋಧನ-ಕಲಿಕೆಯ ವಿಧಾನವೂ ಈ ಕೆಲಸಕ್ಕೆ ಬಂದಿದೆ. ಅದರಲ್ಲಿ ಅನೇಕ ಊಹೆಗಳು ಶಿಷ್ಯರಂತೆ ಸೇರಿರುವವು. ಅತ್ಯುತ್ತಮವಾದ ಊಹೆಯು ಗುರುವಾಗಿ ಉಳಿದವುಗಳನ್ನು ತನ್ನೆಡೆಗೆ ಸೆಳೆಯುವದು. ಬಳಿಕ ಶಿಷ್ಯರು ಒಬ್ಬರಿಂದೊಬ್ಬರು ಕಲಿಯುವರು. ಉತ್ತಮವಾದ ವಿಧಾನಗಳೆಲ್ಲ ಬಂದು ಮುಟ್ಟುವ ಅಂತರವು ಒಂದೇ, ಆಂಪಿಯರಿನ ಸಾವಿರದಲ್ಲೊಂದು ಭಾಗಕ್ಕಿಂತ ತುಸು ಕಡಿಮೆ. ಅದರಾಚೆಗೆ ದಶಾಂಶದ ಎಂಟನೆಯ ಸ್ಥಾನಕ್ಕಾಗಿ ಸ್ಪರ್ಧಿಸುವದು ಪಾಂಡಿತ್ಯವಾದೀತೇ ಹೊರತು ಹೊಲಕ್ಕೆ ಒಂದು ಹನಿ ನೀರನ್ನೂ ತಾರದು.

ಏಕೆಂದರೆ ನಿಜವಾದ ಅಪಾಯವು ಬೇರೆಡೆ ಇರುವದು. ಆದರ್ಶಾಂಕವನ್ನು ತುಸು ಹೆಚ್ಚಿಸಿ, ಶ್ರೇಣಿರೋಧವನ್ನು ತುಸು ತಗ್ಗಿಸಿ, ಸಂತೃಪ್ತ ಪ್ರವಾಹವನ್ನು ಅದಕ್ಕೆ ತಕ್ಕಂತೆ ಬದಲಿಸಿದರೆ, ರೇಖೆಯು ಹೆಚ್ಚುಕಡಿಮೆ ಮೊದಲಿನಂತೆಯೇ ಉಳಿಯುವದು. ಒಂದೇ ಬಿಸಿಲಿನಲ್ಲಿ, ಒಂದೇ ಕಾವಿನಲ್ಲಿ ಮಾಡಿದ ಅಳತೆಗೆ ಹೀಗೆ ಎರಡು ಮೂರು ಉತ್ತರಗಳು ಸಮನಾಗಿ ಒಪ್ಪುವವು. ಅವುಗಳಲ್ಲಿ ದಿಟವಾದುದು ಯಾವದೆಂಬದು ಬಿಸಿಲು ಮಸುಕಾದಾಗ ಇಲ್ಲವೆ ಕಾವು ಬದಲಾದಾಗ ಬಯಲಾಗುವದು. ಶುಕ್ಲಪಕ್ಷದಲ್ಲಿ ಮಾತ್ರ ಕಂಡ ಮನುಷ್ಯನನ್ನು ಪೂರ್ಣವಾಗಿ ಅರಿತಂತಾಗದು. ಆದುದರಿಂದ ಮುಂಜಾನೆಯ ಎಳೆಬಿಸಿಲಿನಲ್ಲೊಮ್ಮೆ, ನಡುಹಗಲಿನಲ್ಲೊಮ್ಮೆ ಅಳೆದು, ಒಂದರಿಂದ ಪಡೆದ ಅಂಕಿಗಳು ಇನ್ನೊಂದಕ್ಕೂ ಹೊಂದುವವೋ ಇಲ್ಲವೋ ಎಂದು ನೋಡಲೇಬೇಕು.

ಕಾಗದದ ಅಂಕಿಗಳು ೨೫ ಅಂಶ ಸೆಲ್ಸಿಯಸ್ ಕಾವಿಗೆ, ಚದರ ಮೀಟರಿಗೆ ೧೦೦೦ ವಾಟ್ ಬೆಳಕಿಗೆ ಸಂಬಂಧಿಸಿದವು. ಬೇಸಗೆಯ ನಡುಹಗಲಿನಲ್ಲಿ ಫಲಕದ ಮೈ ೬೦ ಅಂಶದವರೆಗೂ ಕಾಯುವದುಂಟು. ಮೇಲೆ ಹೇಳಿದ ಫಲಕದ ಮಟ್ಟವು ಅಂಶವೊಂದಕ್ಕೆ ೦.೧೨೩ ವೋಲ್ಟ್ ಇಳಿಯುವದಾದ್ದರಿಂದ, ೩೫ ಅಂಶಕ್ಕೆ ೪.೩ ವೋಲ್ಟ್ ಇಳಿದು ೨೮.೬ಕ್ಕೆ ನಿಲ್ಲುವದು. ಇಂಥ ಸ್ಫಟಿಕ ಸಿಲಿಕಾನಿನ ಫಲಕದ ಶಕ್ತಿಯು ಅಂಶಕ್ಕೆ ಶೇಕಡಾ ೦.೪ರಿಂದ ೦.೫ರಷ್ಟು ಕುಗ್ಗುವದರಿಂದ, ೨೦೦ ವಾಟಿನಲ್ಲಿ ಸುಮಾರು ೩೦ ವಾಟ್ ಹೋಗುವದು. ಇದು ಮಾರಿದವನ ಮೋಸವೂ ಅಲ್ಲ, ಕೊಂಡವನ ಅಲಕ್ಷ್ಯವೂ ಅಲ್ಲ, ಸಿಲಿಕಾನಿನ ಸ್ವಭಾವ. ಮಳೆಗಾಲ ಕಳೆದು ತಂಪು ಬಂದಾಗ ಅದು ತಾನಾಗಿ ತಿರುಗಿ ಬರುವದು.

ಕಾವಿನ ಪಾಲನ್ನು ಹೀಗೆ ಕಳೆದ ಮೇಲೆ ವ್ಯಾಜ್ಯವನ್ನು ಬಿಡಿಸುವದು ಕಠಿಣವಲ್ಲ. ಧೂಳು ಸಮನಾಗಿ ಕೂತಿದ್ದರೆ ಹಳ್ಳದ ಹರಿವು ಮಾತ್ರ ಕುಗ್ಗುವದು. ರೇಖೆಯ ಆಕಾರವು ಬಹುತೇಕ ಹಾಗೆಯೇ ಉಳಿಯುವದು. ಒರೆಸಿ ಅಳೆದರೆ ಮೊದಲಿನ ಪ್ರವಾಹವು ಮರಳುವದು. ಕೀಲುಗಳು ಕೆಟ್ಟು ಶ್ರೇಣಿರೋಧವು ಹೆಚ್ಚಿದ್ದರೆ, ಎರಡು ಕೊನೆಯ ಅಂಕಿಗಳು ಹೆಚ್ಚು ಬದಲಾಗದೆ, ವೋಲ್ಟೇಜಿನ ಕೊನೆಯ ಬಳಿ ರೇಖೆಯು ಓರೆಯಾಗುವದು. ಏರಿಯು ಸೋರತೊಡಗಿದ್ದರೆ ಇನ್ನೊಂದು ಕೊನೆಯಲ್ಲಿ, ಪ್ರವಾಹವು ಸಮತಟ್ಟಾಗಿರಬೇಕಾದಲ್ಲಿ, ಇಳಿಜಾರು ಕಾಣಿಸುವದು. ರೇಖೆಯಲ್ಲಿ ಮೆಟ್ಟಿಲು ಕಂಡರೆ ಫಲಕದ ಒಂದು ಭಾಗದ ಮೇಲೆ ಗಿಡದ ನೆರಳೋ ಹಕ್ಕಿಯ ಹಿಕ್ಕೆಯೋ ಬಿದ್ದಿರಬಹುದು, ಇಲ್ಲವೆ ಅಲ್ಲಿಯ ಕೋಶವೇ ಒಡೆದಿರಬಹುದು. ಧೂಳಿಗೆ ಅರಿವೆ ಮತ್ತು ನೀರು ಸಾಕು. ಕೆಟ್ಟ ಕೀಲಿಗೆ ಮಾರಿದವನು ಉತ್ತರ ಕೊಡಬೇಕು.

ಆದರೆ ಹೋಲಿಸುವದಕ್ಕೆ ಮೊದಲಿನ ಅಳತೆಯಿರಬೇಕು. ಕೂಸು ಹುಟ್ಟಿದ ಗಳಿಗೆಯನ್ನು ಬರೆದಿಡುವ ನಾಡಿನಲ್ಲಿ, ಸಾವಿರಾರು ರೂಪಾಯಿಯ ಫಲಕವನ್ನು ನಿಲ್ಲಿಸಿದ ದಿನ ಅದರ ರೇಖೆಯನ್ನೂ, ಅಂದಿನ ಬೆಳಕು ಮತ್ತು ಕಾವನ್ನೂ ಬರೆದಿಡುವದು ಹೆಚ್ಚಿನ ಮಾತಲ್ಲ. ಇದಕ್ಕೆ ಬೇಕಾದ ಉಪಕರಣವನ್ನು ಒಬ್ಬೊಬ್ಬ ಒಕ್ಕಲಿಗನು ಕೊಳ್ಳಬೇಕಾಗಿಲ್ಲ. ಒಂದು ಸಹಕಾರಿ ಸಂಘವೋ ಒಂದು ತಾಂತ್ರಿಕ ಶಾಲೆಯೋ ಒಂದನ್ನಿಟ್ಟುಕೊಂಡರೆ ಹತ್ತು ಹಳ್ಳಿಗಳಿಗೆ ಸಾಕಾಗುವದು. ಲೆಕ್ಕವನ್ನು ಯಂತ್ರವು ಮಾಡುವದು. ಅದನ್ನು ಓದಿ ಅರ್ಥ ಹೇಳಬಲ್ಲ ತರುಣರು ಮಾತ್ರ ಬೇಕು. ಈ ಸೀಮೆಯ ಶಾಲೆಗಳಲ್ಲಿ ಅಂಥವರು ಸಿದ್ಧವಾದರೆ, ನೀರು ಕಡಿಮೆಯಾದ ದಿನ ಬಾವಿಯ ದಂಡೆಯಲ್ಲಿ ಜಗಳಕ್ಕೆ ಬದಲಾಗಿ ಅಳತೆಯು ನಡೆಯುವದು.