ಹಾಡುಗಳ ನಡುವಿನ ಸಂಗೀತ

(ಸಿನಿಮಾ ಮತ್ತು ಟಿ.ವಿ. ಧಾರಾವಾಹಿಗಳ ಹಿನ್ನೆಲೆ ಸಂಗೀತ ಕುರಿತ ಪ್ರದರ್ಶನದ ಉದ್ಘಾಟನಾ ಭಾಷಣ)



ಕನ್ನಡ ಸಿನಿಮಾ ಸಂಗೀತ ಅಂದ ಕೂಡಲೇ ನಮಗೆ ನೆನಪಾಗುವುದು ಹಾಡು. ಜಿ.ಕೆ. ವೆಂಕಟೇಶ್, ವಿಜಯಭಾಸ್ಕರ್, ರಾಜನ್-ನಾಗೇಂದ್ರ, ಹಂಸಲೇಖ ಇವರು ಕೊಟ್ಟ ಹಾಡುಗಳು ಮದುವೆಮನೆಯಲ್ಲಿ, ರಾತ್ರಿ ಬಸ್ಸಿನಲ್ಲಿ, ಗಣೇಶನ ಪೆಂಡಾಲಿನಲ್ಲಿ ಇನ್ನೂ ಗಟ್ಟಿಯಾಗಿ ಬದುಕಿವೆ. 1967ರ ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಬೆಳಗು’ ಕವಿತೆ ಹಾಡಾದಾಗ, ಪುಸ್ತಕ ಮುಟ್ಟದ ಮನೆಗಳಿಗೂ ಆ ಕವಿತೆ ಹೋಯಿತು. ಅಂಥ ಹಾಡುಗಳನ್ನು ಕಾಯಲು ಕೋಟಿ ಜನರ ನಾಲಿಗೆಯಿದೆ. ನಾನು ಇವತ್ತು ಮಾತಾಡಬೇಕೆಂದಿರುವುದು ಕಾಯುವವರಿಲ್ಲದ ಸಂಗೀತದ ಬಗ್ಗೆ. ಎರಡೂವರೆ ಗಂಟೆಯ ಚಿತ್ರದಲ್ಲಿ ಹಾಡು ಅರ್ಧ ಗಂಟೆ ಇದ್ದೀತು. ಉಳಿದ ಹೊತ್ತಿನಲ್ಲಿ ಬಾಗಿಲು ತೆರೆಯುವ ಮೊದಲು ನಮ್ಮ ಎದೆ ಬಡಿಯುವಂತೆ ಮಾಡಿದ್ದು, ತಾಯಿ ಒಂದು ಮಾತೂ ಆಡದಿದ್ದರೂ ನಮ್ಮ ಕಣ್ಣು ತುಂಬಿಸಿದ್ದು ಹಿನ್ನೆಲೆ ಸಂಗೀತ. ಅದನ್ನು ನಾವು ಕೇಳಿದೆವು, ಅನುಭವಿಸಿದೆವು, ಆದರೆ ಉಳಿಸಿಕೊಳ್ಳಲಿಲ್ಲ.

ಯಾಕೆ ಉಳಿಯಲಿಲ್ಲ ಎಂಬುದು ತಿಳಿಯಬೇಕಾದರೆ ಅದು ಹುಟ್ಟುತ್ತಿದ್ದ ಬಗೆ ಗೊತ್ತಿರಬೇಕು. ಗಾಂಧಿನಗರದ ಜನ ಅದನ್ನು ‘ರೀ-ರೆಕಾರ್ಡಿಂಗ್’ ಅನ್ನುತ್ತಾರೆ, ಇನ್ನೂ ಚಿಕ್ಕದಾಗಿ ‘ಆರ್.ಆರ್.’ ಚಿತ್ರೀಕರಣ, ಸಂಕಲನ, ಡಬ್ಬಿಂಗ್ ಎಲ್ಲ ಮುಗಿದ ಮೇಲೆ, ಬಿಡುಗಡೆಯ ದಿನ ತಲೆಯ ಮೇಲೆ ಕುಳಿತಿರುವಾಗ ಬರುವ ಕೆಲಸ ಇದು. ಸಾವಿರ ಅಡಿಯ ಒಂದು ರೀಲು ಅಂದರೆ ಸುಮಾರು 11 ನಿಮಿಷ. ಆ ರೀಲನ್ನು ಸ್ಟುಡಿಯೋದ ತೆರೆಯ ಮೇಲೆ ಓಡಿಸುತ್ತಿದ್ದರು. ಸಂಗೀತ ನಿರ್ದೇಶಕ ನೋಡುತ್ತಿದ್ದ, ಎಲ್ಲಿ ಶುರು, ಎಲ್ಲಿ ನಿಲುಗಡೆ ಎಂದು ಅಡಿ ಲೆಕ್ಕದಲ್ಲಿ ಗುರುತು ಹಾಕಿಕೊಳ್ಳುತ್ತಿದ್ದ. ಸೆಕೆಂಡಿಗೆ 24 ಚೌಕಟ್ಟು, ನಿಮಿಷಕ್ಕೆ 90 ಅಡಿ. ಅಲ್ಲೇ ಕೂತು ಸ್ವರ ಬರೆದು ಹಂಚಿದರೆ ಪಿಟೀಲು, ಕೊಳಲು, ಚೆಲ್ಲೊ, ತಬಲದವರು ಅದನ್ನು ನೋಡಿಕೊಂಡು, ತೆರೆಗೆ ಹೊಂದಿಸಿ ಒಟ್ಟಾಗಿ ನುಡಿಸಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ. ಕನ್ನಡ ಚಿತ್ರಗಳಿಗೆ ಈ ಕೆಲಸ ಬಹುಕಾಲ ನಡೆದದ್ದು ಮದರಾಸಿನಲ್ಲಿ.

ಆಮೇಲೆ ಮಿಕ್ಸಿಂಗ್. ಮಾತಿನ ಪಟ್ಟಿ, ಸದ್ದಿನ ಪಟ್ಟಿ, ಸಂಗೀತದ ಪಟ್ಟಿ ಮೂರೂ ಸೇರಿ ಒಂದೇ ಪಟ್ಟಿಯಾಗಿ ಫಿಲ್ಮಿನ ಅಂಚಿಗೆ ಅಚ್ಚಾಗುತ್ತಿದ್ದವು. ಹಾಗೆ ಬೆರೆತ ಮೇಲೆ ಸಂಗೀತವನ್ನು ಮತ್ತೆ ಬಿಡಿಸಿ ತೆಗೆಯುವುದು ಅಸಾಧ್ಯ ಅನ್ನುವಷ್ಟು ಕಷ್ಟ. ಬಿಡಿಯಾಗಿದ್ದ ಸಂಗೀತದ ಟೇಪು? ಟೇಪು ದುಬಾರಿ, ಅಳಿಸಿ ಮತ್ತೆ ಬಳಸಬಹುದಾದದ್ದು. ಹಾಡಿಗೆ ತಟ್ಟೆ ಇತ್ತು, ಕ್ಯಾಸೆಟ್ ಇತ್ತು, ಆಕಾಶವಾಣಿಯ ಕೋರಿಕೆ ಕಾರ್ಯಕ್ರಮ ಇತ್ತು. ಕೆಲವು ಚಿತ್ರಗಳ ಸಂಭಾಷಣೆ ಕೂಡ ಧ್ವನಿಸುರುಳಿಯಾಗಿ ಮಾರಾಟವಾಯಿತು. ಹಿನ್ನೆಲೆ ಸಂಗೀತಕ್ಕೆ ಅಂಗಡಿಯೇ ಇರಲಿಲ್ಲ. ಮಾರಾಟಕ್ಕಿಲ್ಲದ್ದನ್ನು ಯಾರೂ ಎತ್ತಿಡಲಿಲ್ಲ. ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಪ್ರತಿಯನ್ನೇ ನಾವು ಉಳಿಸಿಕೊಂಡಿಲ್ಲ. ಅದರಲ್ಲಿ ವಾದ್ಯದವರು ಏನು ನುಡಿಸಿದರೋ ಇನ್ನು ಯಾರ ಕಿವಿಗೂ ಬೀಳುವುದಿಲ್ಲ.

ಈಗ ನನಗೆ ಅತ್ಯಂತ ಪ್ರಿಯವಾದ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಹಿನ್ನೆಲೆ ಸಂಗೀತದ ಶ್ರೇಷ್ಠ ಮೇಷ್ಟ್ರು ಯಾರು ಎಂದು ಕೇಳಿದರೆ ನಾನು ಹಿಂದೆಮುಂದೆ ನೋಡದೆ ಬಿ.ವಿ. ಕಾರಂತರ ಹೆಸರು ಹೇಳುತ್ತೇನೆ. ಬಂಟ್ವಾಳ ತಾಲ್ಲೂಕಿನ ಹುಡುಗ ಗುಬ್ಬಿ ವೀರಣ್ಣನವರ ಕಂಪನಿ ಸೇರಿ, ಅಲ್ಲಿಂದ ಕಾಶಿಗೆ ಹೋಗಿ ಪಂಡಿತ್ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಕಲಿತರು. ಯಕ್ಷಗಾನದ ನೆಲ, ಕಂಪನಿ ನಾಟಕದ ಹಾರ್ಮೋನಿಯಂ, ಕಾಶಿಯ ರಾಗ ಮೂರೂ ಆ ಕಿವಿಯಲ್ಲಿದ್ದವು. ಆದರೂ ಸಿನಿಮಾಕ್ಕೆ ಬಂದಾಗ ಅವರು ವಿದ್ವತ್ತು ಮೆರೆಸಲಿಲ್ಲ. ಒಂದು ದೃಶ್ಯಕ್ಕೆ ಬೇಕಾದದ್ದು ರಾಗವೋ, ಬರೀ ಒಂದು ಸದ್ದೋ, ಅಥವಾ ಏನೂ ಇಲ್ಲದಿರುವುದೋ ಎಂದು ಕೇಳಿಕೊಂಡರು.

‘ಚೋಮನ ದುಡಿ’ಯನ್ನೇ ನೋಡಿ. ಶಿವರಾಮ ಕಾರಂತರ ಕಾದಂಬರಿ ಬಂದದ್ದು 1933ರಲ್ಲಿ. ಬಿ.ವಿ. ಕಾರಂತರು ಅದನ್ನು 1975ರಲ್ಲಿ ನಿರ್ದೇಶಿಸಿ ಸಂಗೀತವನ್ನೂ ತಾವೇ ಮಾಡಿದರು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಸ್ವಂತ ತುಂಡು ಭೂಮಿ ಉಳಬೇಕೆಂಬ ಆಸೆಯೊಂದನ್ನೇ ಹಿಡಿದು ಬದುಕಿದ ಚೋಮನಿಗೆ ಆ ಹಕ್ಕು ಸಿಗುವುದಿಲ್ಲ. ಧಣಿಯ ಮುಂದೆ ಅವನ ದನಿ ಏಳುವುದಿಲ್ಲ. ಅವನು ಹೇಳಲಾಗದ್ದನ್ನೆಲ್ಲ ದುಡಿ ಹೇಳುತ್ತದೆ. ಸಿಟ್ಟು ಬಂದರೆ ದುಡಿ, ದುಃಖ ಬಂದರೆ ದುಡಿ, ಕೊನೆಗೆ ಬಾಗಿಲು ಮುಚ್ಚಿಕೊಂಡು ಸಾಯುವಾಗಲೂ ದುಡಿ. ಅಲ್ಲಿ ಸಂಗೀತ ಕಥೆಗೆ ಹೊರಗಿನಿಂದ ಅಂಟಿಸಿದ್ದಲ್ಲ. ಆ ಗುಡಿಸಲಿನೊಳಗಿಂದಲೇ ಎದ್ದು ಬಂದದ್ದು. ಚಿತ್ರ ನೋಡಿ ಹೊರಬಂದವನಿಗೆ ಚೋಮನ ಮುಖ ಮರೆತರೂ ಆ ಬಡಿತ ಮರೆಯುವುದಿಲ್ಲ. ನನ್ನ ಮಟ್ಟಿಗೆ ಕನ್ನಡ ತೆರೆಯ ಮೇಲೆ ಒಂದು ವಾದ್ಯಕ್ಕೆ ಸಿಕ್ಕ ಅತಿ ದೊಡ್ಡ ಪಾತ್ರ ಅದು.

ಮರುವರ್ಷ ‘ಋಷ್ಯಶೃಂಗ’ಕ್ಕೆ, ಅದರ ಮರುವರ್ಷ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ಕ್ಕೆ, ಹೀಗೆ ಎರಡು ವರ್ಷ ಸಾಲಾಗಿ ಶ್ರೇಷ್ಠ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಕಾರಂತರದ್ದಾಯಿತು. ‘ಘಟಶ್ರಾದ್ಧ’ವನ್ನು ಕೇಳಿದವರಿಗೆ ಗೊತ್ತು, ಅದರಲ್ಲಿ ಸಂಗೀತ ಎಷ್ಟು ಮಿತ. ಕಥಾನಾಯಕಿ ಯಮುನಕ್ಕನ ಮೌನದ ಮೇಲೆ ಪಿಟೀಲು ಸುರಿದು ಪ್ರೇಕ್ಷಕರನ್ನು ಅಳಿಸುವುದು ಬಹಳ ಸುಲಭವಿತ್ತು. ಕಾರಂತರು ಆ ಸುಲಭದ ದಾರಿ ಹಿಡಿಯಲಿಲ್ಲ. ಆ ಸಂಯಮಕ್ಕೆ ಪ್ರಶಸ್ತಿ ಕೊಟ್ಟ ತೀರ್ಪುಗಾರರನ್ನೂ ನಾನು ಇವತ್ತು ಗೌರವದಿಂದ ನೆನೆಯುತ್ತೇನೆ. 2024ರಲ್ಲಿ ಆ ಚಿತ್ರದ ಪುನರುಜ್ಜೀವನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರ ದುಡಿಮೆ ಅದು. ಮೂಲ ನೆಗೆಟಿವ್ ಉಳಿದಿತ್ತು, ಅದಕ್ಕೇ ಚಿತ್ರವೂ ಉಳಿಯಿತು, ಅದರೊಳಗಿನ ನಾದವೂ ಉಳಿಯಿತು.

ಆ ಕಾಲದ ಇನ್ನಿಬ್ಬರ ಹೆಸರು ಹೇಳದಿದ್ದರೆ ಮಾತು ಅಪೂರ್ಣ. 1970ರ ‘ಸಂಸ್ಕಾರ’ಕ್ಕೆ ಸಂಗೀತ ಕೊಟ್ಟವರು ಸರೋದ್ ವಾದಕ ಪಂಡಿತ್ ರಾಜೀವ ತಾರಾನಾಥರು. ‘ವಂಶವೃಕ್ಷ’ಕ್ಕೆ, ‘ಒಂದಾನೊಂದು ಕಾಲದಲ್ಲಿ’ಗೆ ಸಂಗೀತ ಕೊಟ್ಟವರು ಸಿತಾರಿನ ಭಾಸ್ಕರ ಚಂದಾವರ್ಕರ್. ಕಛೇರಿಯ ವೇದಿಕೆಯ ದೊಡ್ಡ ಕಲಾವಿದರು ಸಿನಿಮಾವನ್ನು ಕೀಳೆಂದು ಕಾಣದೆ ಬಂದರು. ಅದು ಕನ್ನಡದ ಭಾಗ್ಯ.

ಇನ್ನು ದೂರದರ್ಶನ. ಇಲ್ಲಿ ನನಗೆ ಒಂದೇ ಉದಾಹರಣೆ ಸಾಕು. ನಲವತ್ತು ದಾಟಿದ ಯಾರ ಮುಂದೆಯಾದರೂ ‘ಮಾಲ್ಗುಡಿ ಡೇಸ್’ ಎಂದು ಹೇಳಿ ನೋಡಿ. ಅವರು ಮೊದಲು ಕಥೆ ಹೇಳುವುದಿಲ್ಲ, ಗುನುಗುತ್ತಾರೆ. 1986-87ರ ಹೊತ್ತಿನಲ್ಲಿ ಶಂಕರ್‌ನಾಗ್ ಆಗುಂಬೆಯ ಬೀದಿಯಲ್ಲಿ, ದೊಡ್ಡಮನೆಯ ಜಗುಲಿಯಲ್ಲಿ, ಅರಸಾಳು ರೈಲು ನಿಲ್ದಾಣದಲ್ಲಿ ಆರ್.ಕೆ. ನಾರಾಯಣರ ಊರನ್ನು ಕಟ್ಟಿದರು. ಅದು ಮೊದಲು ಹೊರಬಂದದ್ದು ಹಿಂದಿ, ಇಂಗ್ಲಿಷಿನಲ್ಲಿ. ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು ಒಂದೊಂದಾಗಿ ಮೂಡುವಾಗ ಎಲ್. ವೈದ್ಯನಾಥನ್ ಅವರು ಪದಗಳಿಲ್ಲದ ಒಂದು ಪುಟ್ಟ ಧಾಟಿಯನ್ನು ಇಟ್ಟರು. ಪದ ಇಲ್ಲದ್ದರಿಂದ ಅದು ಯಾವ ಭಾಷೆಯದೂ ಆಗಲಿಲ್ಲ, ಎಲ್ಲ ಭಾಷೆಯದೂ ಆಯಿತು. ಕಾಶ್ಮೀರದ ಮಗುವಿಗೂ ಅದು ತನ್ನ ಶಾಲೆಯ ರಜೆಯಾಯಿತು.

ಈ ವೈದ್ಯನಾಥನ್ ಯಾರೆಂದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಪಿಟೀಲು ವಿದ್ವಾಂಸ ವಿ. ಲಕ್ಷ್ಮೀನಾರಾಯಣರ ಮಗ. ಎಲ್. ಸುಬ್ರಮಣ್ಯಂ, ಎಲ್. ಶಂಕರ್ ಇವರ ತಮ್ಮಂದಿರು. ತಮ್ಮಂದಿರ ಹೆಸರು ಲೋಕಕ್ಕೆಲ್ಲ ತಿಳಿಯಿತು. ಅಣ್ಣ ತೆರೆಯ ಹಿಂದೆ ಕೂತು ಕೆಲಸ ಮಾಡಿ 2007ರಲ್ಲಿ ತೀರಿಕೊಂಡರು. ಕಾಶೀನಾಥರ ‘ಅಪರಿಚಿತ’, ಶಂಕರ್‌ನಾಗರ ‘ಒಂದು ಮುತ್ತಿನ ಕಥೆ’ ಇವರ ಸಂಗೀತದ್ದೇ. 1987ರ ‘ಪುಷ್ಪಕ ವಿಮಾನ’ದ ಸಂಗೀತವೂ ಇವರದೇ. ಸಿಂಗೀತಂ ಶ್ರೀನಿವಾಸರಾಯರ ಆ ಚಿತ್ರದಲ್ಲಿ ಮಾತೇ ಇಲ್ಲ. ನಟರು ತುಟಿ ಬಿಚ್ಚದಿದ್ದಾಗ ಸಂಗೀತದ ಹೊಣೆ ಎಷ್ಟು ದೊಡ್ಡದು ಯೋಚಿಸಿ. ಪ್ರತಿ ಕ್ಷಣವನ್ನೂ ತುಂಬಿಬಿಡುವ ಆಸೆ ಯಾರಿಗಾದರೂ ಬರಬೇಕು. ವೈದ್ಯನಾಥನ್ ಬೆಂಗಳೂರಿನ ಬೀದಿಯ ಸದ್ದಿಗೂ ಜಾಗ ಬಿಟ್ಟುಕೊಟ್ಟರು. ಆ ಚಿತ್ರದಲ್ಲೊಂದು ಸನ್ನಿವೇಶವಿದೆ. ಐಷಾರಾಮಿ ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ನಾಯಕನಿಗೆ ನಿದ್ದೆ ಬರುವುದಿಲ್ಲ. ಚಿತ್ರಮಂದಿರದ ಪಕ್ಕದ ತನ್ನ ಹಳೆಯ ಕೋಣೆಯ ಗದ್ದಲವನ್ನು ಟೇಪಿನಲ್ಲಿ ಹಿಡಿದು ತಂದು ಹಾಕಿಕೊಂಡ ಮೇಲೇ ಅವನಿಗೆ ನಿದ್ದೆ. ಮನುಷ್ಯನಿಗೂ ಅವನ ಪರಿಸರದ ಸದ್ದಿಗೂ ಇರುವ ನಂಟನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ದೃಶ್ಯ ನನಗೆ ಗೊತ್ತಿಲ್ಲ.

ಇಳಯರಾಜ ಅವರ ಮಾತೂ ಇಲ್ಲಿ ಬರಲೇಬೇಕು. ಜಿ.ಕೆ. ವೆಂಕಟೇಶರ ಸಹಾಯಕರಾಗಿ ಕನ್ನಡ ಚಿತ್ರಗಳಲ್ಲಿ ಪಳಗಿದವರು ಅವರು. ಮಣಿರತ್ನಂ ಅವರ ಮೊದಲ ಚಿತ್ರ, 1983ರ ‘ಪಲ್ಲವಿ ಅನುಪಲ್ಲವಿ’ಗೆ ಅವರು ಮಾಡಿದ ಒಂದು ತುಣುಕನ್ನು ಎಷ್ಟೋ ವರ್ಷಗಳ ನಂತರ ಒಂದು ಮೊಬೈಲ್ ಕಂಪನಿ ಜಾಹೀರಾತಿಗೆ ತೆಗೆದುಕೊಂಡಿತು. ದೇಶವೆಲ್ಲ ಅದನ್ನು ಕೇಳಿತು, ಮೆಚ್ಚಿತು. ಅದು ಕನ್ನಡ ಚಿತ್ರದ್ದೆಂದು ತಿಳಿದವರು ಎಷ್ಟು ಮಂದಿ?

ಇವತ್ತಿನ ಚಿತ್ರಗಳ ಬಗ್ಗೆ ಒಂದು ಮಾತು ಹೇಳಬೇಕೆನಿಸುತ್ತದೆ, ಯುವ ಸಂಗೀತ ನಿರ್ದೇಶಕರು ಬೇಸರಿಸಬಾರದು. ನಿಮ್ಮ ಬಳಿ ಇರುವ ಉಪಕರಣ ಆ ಹಿರಿಯರ ಕನಸಿನಲ್ಲೂ ಇರಲಿಲ್ಲ. ಆದರೆ ನಾಯಕ ಕಾರಿನಿಂದ ಇಳಿದರೂ ಗುಡುಗು, ಕನ್ನಡಕ ತೆಗೆದರೂ ಗುಡುಗು. ಚಿತ್ರಮಂದಿರದಿಂದ ಹೊರಬಂದಾಗ ಕಿವಿ ಗುಂಯ್‌ಗುಡುತ್ತಿರುತ್ತದೆ, ಒಂದು ಸ್ವರವೂ ಮನೆಯವರೆಗೆ ಬರುವುದಿಲ್ಲ. ನಿರ್ದೇಶಕರು, ನಿರ್ಮಾಪಕರು ಜಾಗ ಖಾಲಿ ಬಿಡಲು ಹೆದರುತ್ತಾರೆಂದು ನನಗೆ ಗೊತ್ತು. ಆ ಹೆದರಿಕೆಗೆ ಒಪ್ಪಬೇಡಿ. ಟಿ.ವಿ.ಯಲ್ಲೂ ಇದೇ ಕಥೆ. ಒಟಿಟಿಯಲ್ಲಂತೂ ಶೀರ್ಷಿಕೆ ಸಂಗೀತವನ್ನು ಹಾರಿಸಿಬಿಡಲು ಒಂದು ಗುಂಡಿಯನ್ನೇ ಇಟ್ಟಿದ್ದಾರೆ. ದಯವಿಟ್ಟು ಅದನ್ನು ಒತ್ತದೆ ಒಂದು ನಿಮಿಷ ಕೂತು ಕೇಳಿ.

ಈ ಪ್ರದರ್ಶನದ ಮಳಿಗೆಗಳಲ್ಲಿ ಸ್ಪೂಲ್ ಟೇಪುಗಳಿವೆ, ಅಡಿ ಲೆಕ್ಕ ಬರೆದ ಹಾಳೆಗಳಿವೆ, ಕಾಫಿಯ ಕಲೆ ಬಿದ್ದ ಸ್ವರಲಿಪಿಗಳಿವೆ. ಹಲವು ಹಾಳೆಗಳ ಮೂಲೆಯಲ್ಲಿ ವಾದ್ಯದ ಹೆಸರಿದೆ, ನುಡಿಸಿದವರ ಹೆಸರಿಲ್ಲ. ಚಿತ್ರದ ಟೈಟಲ್ ಕಾರ್ಡಿನಲ್ಲೂ ಅವರೆಲ್ಲ ಸೇರಿ ಒಂದೇ ಪದ, ‘ವಾದ್ಯವೃಂದ’. ಸಂಘಟಕರು ಪ್ರತಿ ಹಾಳೆಯ ಪಕ್ಕದಲ್ಲಿ ಒಂದು ಖಾಲಿ ಚೀಟಿ ಇಟ್ಟಿದ್ದಾರೆ. ಆ ಕಾಲದಲ್ಲಿ ನುಡಿಸಿದವರು ಇಲ್ಲಿ ಕೂತಿದ್ದೀರಿ. ಯಾರು ಯಾವ ಚಿತ್ರಕ್ಕೆ ಕೊಳಲು ನುಡಿಸಿದರು, ಯಾರು ತಬಲ ಹಿಡಿದರು ಎಂಬುದು ನಿಮಗಷ್ಟೇ ನೆನಪಿದೆ. ಆ ಚೀಟಿಗಳ ಮೇಲೆ ಹೆಸರು ಬರೆಯಿರಿ, ಪ್ರದರ್ಶನ ನಡೆಯುವ ಈ ಮೂರು ದಿನದೊಳಗೆ ಬರೆಯಿರಿ.

ಉಳಿದವರಲ್ಲಿ ನನ್ನದೊಂದು ಬೇಡಿಕೆ. ತಂದೆಯೋ ಮಾವನೋ ಸ್ಟುಡಿಯೋದಲ್ಲಿ ದುಡಿದ ಮನೆಗಳಲ್ಲಿ ಅಟ್ಟದ ಮೇಲೆ ಡಬ್ಬಿಗಳಿರುತ್ತವೆ. ತೆರೆದರೆ ವಿನೆಗರ್ ವಾಸನೆ ಬರಬಹುದು. ಅಸಿಟೇಟ್ ಫಿಲ್ಮು, ಟೇಪು ಕೊಳೆಯುವ ಗುರುತು ಅದು. ವಾಸನೆ ಬಂತೆಂದು ಎಸೆಯಬೇಡಿ. ವಾಸನೆ ಬಂದಿದೆ ಅಂದರೆ ಕಾಲ ಕಡಿಮೆ ಇದೆ ಎಂದರ್ಥ, ಮುಗಿದಿದೆ ಎಂದಲ್ಲ. ಬಿಸಿಲಿನಲ್ಲಿ ಇಡಬೇಡಿ, ಮನೆಯ ಟೇಪ್ ರೆಕಾರ್ಡರಿಗೆ ಹಾಕಿ ಓಡಿಸಿ ನೋಡಬೇಡಿ. ಒಳಗಿನ ಮಳಿಗೆಯಲ್ಲಿ ಇಂಥವನ್ನು ಪರೀಕ್ಷಿಸಿ ಡಿಜಿಟಲ್ ಪ್ರತಿ ಮಾಡಿಕೊಡುವ ತಂತ್ರಜ್ಞರಿದ್ದಾರೆ.

ಪ್ರದರ್ಶನವನ್ನು ತುಂಬು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ನೋಡಲು ನಾಳೆಯೂ ಬನ್ನಿ, ಬರುವಾಗ ಅಟ್ಟದ ಆ ಡಬ್ಬಿಯನ್ನು ಇಳಿಸಿಕೊಂಡು ಬನ್ನಿ.