ಸೊಸೆಯ ತಲೆಗೆ ಕಟ್ಟಿದ ದೋಷ

(ಗಿರಣಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಎರಡು ವರ್ಷ ತುಂಬಿದರೂ ಮಗು ಮಾತಾಡದಿದ್ದರೆ ನಮ್ಮ ಮನೆಗಳಲ್ಲಿ ಮೊದಲು ವಿಚಾರಣೆಗೆ ನಿಲ್ಲುವವಳು ಸೊಸೆ. ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳೇ, ಬಸುರಿಯಲ್ಲಿ ಏನು ತಿಂದಳು, ತೌರಿನಲ್ಲಿ ಯಾರಿಗೆ ಹುಚ್ಚಿತ್ತು? ಹುಡುಗ ಶಾಲೆಗೆ ಸೇರಿದ ಮೇಲೆ ಅವನಿಗೂ ಒಂದು ಬಿರುದು ಸಿಗುತ್ತದೆ: ದಡ್ಡ. ತೀರ್ಪು ಕೊಡುವ ಮೊದಲು ವಿಜ್ಞಾನದ ಸಾಕ್ಷಿಯನ್ನೂ ನಾವು ಕೇಳುವುದು ನ್ಯಾಯ.

ಮಕ್ಕಳ ಬೆಳವಣಿಗೆ ಹಿಂದುಳಿಯಲು ಕಾರಣಗಳು ಹಲವು. ಇಂದು ಒಂದನ್ನು ಮಾತ್ರ ಎತ್ತಿಕೊಳ್ಳುತ್ತೇವೆ. ಅದರ ಹೆಸರು ಫ್ರೆಜೈಲ್ ಎಕ್ಸ್. ವಂಶದಲ್ಲಿ ಇಳಿದುಬರುವ ಬುದ್ಧಿಮಾಂದ್ಯದ ಕಾರಣಗಳಲ್ಲಿ ಇದೇ ಅತಿ ಸಾಮಾನ್ಯವಾದುದು. 1943ರಲ್ಲಿ ಇಂಗ್ಲೆಂಡಿನ ಮಾರ್ಟಿನ್ ಮತ್ತು ಬೆಲ್ ಎಂಬುವರು ಒಂದು ಕುಟುಂಬದ ವಂಶಾವಳಿ ಬರೆದು, ದೋಷವು ಹೆಣ್ಣಿನ ಮೂಲಕ ಹರಿದು ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುವುದನ್ನು ತೋರಿಸಿದರು. 1991ರಲ್ಲಿ ದೋಷದ ಜಾಗವೇ ಪತ್ತೆಯಾಯಿತು.

ಅಂಗಡಿಯವರಿಗೆ ಖಾತೆ ಪುಸ್ತಕದ ಮಾತಿನಲ್ಲೇ ಹೇಳೋಣ. ಹಳೆಯ ಪುಸ್ತಕದಿಂದ ಹೊಸದಕ್ಕೆ ನಕಲು ಮಾಡುವ ಗುಮಾಸ್ತ ಒಂದೇ ಬಾಬನ್ನು ಮತ್ತೆ ಮತ್ತೆ ಬರೆಯುತ್ತ ಹೋದರೆ ಏನಾದೀತು? ನಮ್ಮೆಲ್ಲರ ಎಕ್ಸ್ ವರ್ಣತಂತುವಿನ ಒಂದೆಡೆ ಮೂರಕ್ಷರದ ಒಂದು ತುಣುಕು ಸಾಮಾನ್ಯವಾಗಿ 30ರ ಆಸುಪಾಸು ಸಲ ಬರುತ್ತದೆ. 55ರಿಂದ 200ರವರೆಗೆ ಇದ್ದವರು ವಾಹಕರು. ಅವರ ಬುದ್ಧಿಗೆ ಸಾಮಾನ್ಯವಾಗಿ ಕೊರತೆಯಿರದು. 200 ದಾಟಿತೋ, ಆ ಪುಟಕ್ಕೇ ಬೀಗ ಬೀಳುತ್ತದೆ. ಮಿದುಳಿನ ನರಕೋಶಗಳ ಕೂಡಿಕೆಗೆ ಬೇಕಾದ ಒಂದು ಪ್ರೋಟೀನು ತಯಾರಾಗದು.

ಈಗ ಸೊಸೆಯ ವಿಚಾರಣೆಗೆ ಬರೋಣ. ವಾಹಕನಾದ ಗಂಡಸು ತನ್ನ ಎಕ್ಸನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತಾನೆ, ಗಂಡುಮಕ್ಕಳಿಗೆ ಯಾರಿಗೂ ಕೊಡುವುದಿಲ್ಲ. ಆ ಮಗಳೂ ಚೆನ್ನಾಗಿಯೇ ಇರುತ್ತಾಳೆ. ಅವಳಿಂದ ಮಗುವಿಗೆ ದಾಟುವಾಗ ಮಾತ್ರ ಬಾಬು ಬೆಳೆದು 200 ಮೀರಬಹುದು. ಅಂದರೆ ಮನೆ ನಡೆಸಿ, ಊರಲ್ಲಿ ಗೌರವ ಪಡೆದ ಅಜ್ಜನ ಖಾತೆಯಿಂದ ಮೊಮ್ಮಗನ ಪಾಲಿಗೆ ಬಂದದ್ದು. ಅಜ್ಜನೂ ಅಪರಾಧಿಯಲ್ಲ, ಅವನಿಗೆ ಗೊತ್ತೇ ಇರಲಿಲ್ಲ. ಹೆಣ್ಣಿಗೆ ಎರಡು ಎಕ್ಸ್ ಇರುವುದರಿಂದ ಹೆಣ್ಣುಮಗುವಿಗೆ ತಗಲಿದರೂ ಪೆಟ್ಟು ಬಹುಮಟ್ಟಿಗೆ ಹಗುರ. ಅಕ್ಕನ ಮಗಳನ್ನು ತಂದದ್ದರಿಂದ ಹೀಗಾಯಿತು ಎನ್ನುವವರೂ ಇದ್ದಾರೆ. ಒಳಸಂಬಂಧದಿಂದ ಹೆಚ್ಚುವ ಕಾಯಿಲೆಗಳು ಬೇರೆ ಉಂಟು. ಇದಕ್ಕೆ ಆ ಕಾರಣ ಬೇಕಿಲ್ಲ.

ಇಂಥ ಮಗು ತಡವಾಗಿ ನಡೆಯುತ್ತದೆ, ಮಾತೂ ತಡ. ಕಣ್ಣಿಗೆ ಕಣ್ಣು ಕೂಡಿಸಿ ನೋಡದು, ಕೈ ಬಡಿಯುತ್ತದೆ, ಆಡಿದ ಮಾತನ್ನೇ ಆಡುತ್ತದೆ. ಸಂತೆಯ ಗದ್ದಲ ಅದಕ್ಕೆ ಹಿಂಸೆ. ಹಟವೆಂದು ನಾವು ಹೊಡೆಯುತ್ತೇವೆ. ಕೆಲವರಿಗೆ ಫಿಟ್ಸ್ ಬರುವುದೂ ಉಂಟು. ಆದರೆ ಕಣ್ಣಾರೆ ಕಂಡದ್ದನ್ನು ಅನುಕರಿಸಿ ಕಲಿಯುವುದು ಇವರಲ್ಲಿ ಅನೇಕರಿಗೆ ಸಲೀಸು. ಬಾಯಿಪಾಠದ ಬೆತ್ತಕ್ಕಿಂತ ಚಿತ್ರ ತೋರಿಸಿ, ಕೈಹಿಡಿದು ಮಾಡಿಸುವ ಮೇಷ್ಟರು ಇವರಿಗೆ ಬೇಕು.

ಬೇರುಸಹಿತ ಗುಣಪಡಿಸುವ ಔಷಧ ಇಲ್ಲ. ಇದೆಯೆಂದು ಹಣ ಕೀಳುವವರನ್ನು ಬಾಗಿಲಿಂದಲೇ ಕಳಿಸಿ. ಫಿಟ್ಸಿಗೆ, ಚಡಪಡಿಕೆಗೆ ಮದ್ದುಂಟು. ಮಾತಿನ ತರಬೇತಿ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಬೌದ್ಧಿಕ ಅಂಗವೈಕಲ್ಯವೂ ಸೇರಿದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣಪತ್ರ ಪಡೆದ ಮಗುವಿಗೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಾಗಲಿ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಹಕ್ಕು. ಹಕ್ಕೆಂದ ಮೇಲೆ ಹೆಡ್‌ಮಾಸ್ತರರ ಮುಂದೆ ಕೈಮುಗಿದು ನಿಲ್ಲುವ ಕಾರಣವಿಲ್ಲ.

ಪರೀಕ್ಷೆಗೆ ಸ್ವಲ್ಪ ರಕ್ತ ಸಾಕು. ಆದರೆ ಸಾಮಾನ್ಯ ವರ್ಣತಂತು ಪರೀಕ್ಷೆಯಲ್ಲಿ ಇದು ತಪ್ಪಿಹೋಗಬಹುದು. ಫ್ರೆಜೈಲ್ ಎಕ್ಸ್ ಡಿಎನ್‌ಎ ಪರೀಕ್ಷೆ ಎಂದೇ ಹೆಸರು ಹಿಡಿದು ವೈದ್ಯರನ್ನು ಕೇಳಿ. ಒಂದು ದಿನದ ಕೂಲಿಯನ್ನೂ ಕಳೆದುಕೊಳ್ಳಲಾರದ ಮನೆಗೆ ಇದು ಜಿಲ್ಲಾ ಆಸ್ಪತ್ರೆಯಲ್ಲಿ ಪುಕ್ಕಟೆ ದೊರೆಯಬೇಕೆಂಬುದು ನಮ್ಮ ಬೇಡಿಕೆ. ಫಲಿತಾಂಶ ಬಂದಾಗ ಅದನ್ನು ಮುಚ್ಚಿಡಬೇಡಿ. ತಾಯಿಯ ಅಕ್ಕತಂಗಿಯರಿಗೆ, ಅಣ್ಣತಮ್ಮಂದಿರಿಗೆ ತಿಳಿಸಿ. ಅವರಲ್ಲಿ ಬಸುರಿಯಾದವರಿದ್ದರೆ ವೈದ್ಯರ ಬಳಿ ಹೋಗಲು ಅವರಿಗೆ ಇನ್ನೂ ಸಮಯವಿರುತ್ತದೆ.